ಕೆಡ್ಡಸದ ಗೆರೆಯೊಳಗೆ

ಫೆಬ್ರವರಿಯಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಮೂರು ದಿನ ಬಗ್ಗಬಾರದು, ಭಾರ ಎತ್ತಬಾರದು, ಸುಮ್ಮನೆ ಕೂತಿರಬೇಕು ಎಂದರು ಡಾಕ್ಟರು. ಸುದ್ದಿ ಕೇಳಿ ಮನೆಯವರೆಲ್ಲ ಪ್ರೀತಿಯ ಮಳೆಗರೆದರು. "ನೀನು ಎಂತದ್ದೂ ಮಾಡ್ಬೇಡ, ರೆಸ್ಟ್ ತಗೊ" ಎಂದರು ಗಂಡ. ಆ ಮಾತಿನ ಬೆನ್ನಿಗೇ ಬಿಳಿ ಅಂಗಿಗೆ ಇಸ್ತ್ರಿ ಆಗಿದೆಯಾ ಎಂದು ಕೇಳಿದರು. ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ಮಗಳು "ಅಮ್ಮ, ನೀನು ಏಳ್ಬೇಡ" ಎಂದು ಕೋಣೆಯಿಂದಲೇ ಕೂಗಿದಳು. ಸ್ವಲ್ಪ ಹೊತ್ತು ಬಿಟ್ಟು, ಚಹಾ ಆಯ್ತಾ ಎಂದೂ ಕೂಗಿದಳು.

ಅದೇ ವಾರ ಕೆಡ್ಡಸವೂ ಬಂತು. ಭೂಮಿತಾಯಿ ಮುಟ್ಟಾಗುವ ಈ ಮೂರು ದಿನ ನೆಲ ಅಗೆಯಬಾರದು, ಗಿಡ ಕಡಿಯಬಾರದು, ಅವಳಿಗೆ ನೋವಾಗುವಂಥದ್ದು ಏನೂ ಮಾಡಬಾರದು ಎಂಬುದು ನಮ್ಮ ತುಳುವರ ಕಟ್ಟಳೆ. ನಾಲ್ಕನೆಯ ದಿನ ಎಣ್ಣೆ, ಸೀಗೆ, ಅರಸಿನ ಇಟ್ಟು ಅವಳ ಸ್ನಾನದ ಏರ್ಪಾಡು. ಸುರತ್ಕಲ್ ಕಡೆಯ ಗದ್ದೆಮನೆಯಲ್ಲಿ ಬೆಳೆದ ನನ್ನ ಅತ್ತೆ ಇದನ್ನು ಎಂದೂ ತಪ್ಪಿಸಿದವರಲ್ಲ. ಬಿಜೈಯ ಈ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಭೂಮಿ ಎಲ್ಲುಂಟು ಎಂದು ಮಗಳು ಕೇಳಿದರೆ, ಬಾಲ್ಕನಿ ತೋರಿಸಿದರು. ಅಲ್ಲಿ ತುಳಸಿ, ಬಸಳೆ, ಕರಿಬೇವಿನ ಕುಂಡಗಳಿದ್ದವು.

ಅತ್ತೆ ಕುಂಡಗಳ ಸುತ್ತ ರಂಗೋಲಿ ಹುಡಿಯಲ್ಲಿ ಗೆರೆ ಎಳೆದರು. "ಇದರೊಳಗೆ ಯಾರೂ ಕೈ ಹಾಕ್ಲಿಕ್ಕಿಲ್ಲ. ಪಾಪ, ಅವಳಿಗೆ ಮೈಕೈ ನೋವಿರ್ತದೆ." ಮತ್ತೆ ನನ್ನ ಕಡೆ ತಿರುಗಿ, "ನೀನೂ ಹೆಚ್ಚು ಓಡಾಡ್ಬೇಡ. ಅಕ್ಕಿ ಒಂದು ಹುರಿದಿಟ್ಟು ಕೂತ್ಕೊ" ಎಂದರು.

ಅಕ್ಕಿ ಒಂದು ಎಂದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಡ್ಡಸಕ್ಕೆ ನನ್ನೆರಿ ಆಗಬೇಕು. ಹುರಿದ ಕುಚ್ಚಲಕ್ಕಿಯನ್ನು ಪುಡಿ ಮಾಡಿ, ಅದಕ್ಕೆ ಹುರುಳಿ, ನೆಲಗಡಲೆ, ಬೆಲ್ಲ, ಕಾಯಿತುರಿ ಸೇರಿಸಬೇಕು. ಕಾಯಿ ತುರಿಯಲು ತುರಿಮಣೆಯ ಮೇಲೆ ಬಗ್ಗಿ ಕೂರಬೇಕು. ನುಗ್ಗೆ-ಬದನೆಯ ಪದಾರ್ಥವೂ ಆಗಲೇಬೇಕು. ಭೂಮಿಗೆ ರಜೆ ಕೊಡಬೇಕಾದರೆ ಹೆಂಗಸರು ಡಬಲ್ ಡ್ಯೂಟಿ ಮಾಡಬೇಕು ಎಂಬುದು ನನ್ನ ಸೊಂಟಕ್ಕೆ ಹಿಂದೆಂದೂ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಮರುದಿನ ಬೋಳಾರದಿಂದ ನಾದಿನಿ ನನ್ನನ್ನು ವಿಚಾರಿಸಿಕೊಳ್ಳಲು ಬಂದಳು. ಸೋಫಾದಲ್ಲಿ ಕೂತು ವಿಶ್ರಾಂತಿಯ ಮಹತ್ವದ ಬಗ್ಗೆ ಬಹಳ ಹೊತ್ತು ಮಾತಾಡಿದಳು. ಅಷ್ಟರಲ್ಲಿ ನಾನು ಎರಡು ಸಲ ಕಾಫಿ ಮಾಡಿದೆ. ಹೊರಡುವಾಗ ಡಬ್ಬಿ ತುಂಬ ನನ್ನೆರಿ ತುಂಬಿಸಿಕೊಂಡು, "ನೀವು ಏಳ್ಬೇಡಿ ಅತ್ತಿಗೆ" ಎಂದಳು. ಆಗ ಅವಳಿಗೆ ಬಾಗಿಲು ತೆರೆದು ಹಿಡಿದವಳು ನಾನೇ.

ಸಂಜೆ ಸಾರಿನ ಒಗ್ಗರಣೆಗೆ ಕರಿಬೇವು ಬೇಕಾಯಿತು. ಗಂಡ ಕುಂಡದ ಕಡೆ ಕೈ ಚಾಚಿದ್ದೇ ತಡ, ಅತ್ತೆ ಕೂಗಿದರು: "ಮುಟ್ಬೇಡ! ಕೆಡ್ಡಸ ಅಂತ ಗೊತ್ತಿಲ್ವಾ?" ಅವರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡು, ಗಿಡವನ್ನು ಕನಿಕರದಿಂದ ನೋಡಿದರು. ಆ ಹೊತ್ತಿಗೆ ನಾನು ಬಗ್ಗಿ ಕುಕ್ಕರ್ ಎತ್ತುತ್ತಿದ್ದೆ. ಸೊಂಟದಲ್ಲಿ ಚಳಕು ಹೊಡೆಯಿತು. ಆ ಕರಿಬೇವಿನ ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು.

ಗ್ಯಾಸ್ ಆಫ್ ಮಾಡಿದೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ದರದರ ಎಳೆದುಕೊಂಡು ಬಾಲ್ಕನಿಗೆ ಹೋದೆ. ಗೆರೆ ದಾಟಿ, ಬಸಳೆಗೂ ತುಳಸಿಗೂ ನಡುವೆ ಅದನ್ನು ಹಾಕಿಕೊಂಡು ಕೂತೆ.

"ಎಂತ ಮಾರಾಯ್ತಿ ಇದು?" ಎಂದರು ಗಂಡ.

"ಇದರೊಳಗೆ ಯಾರೂ ಕೈ ಹಾಕ್ಲಿಕ್ಕಿಲ್ಲ" ಎಂದೆ. "ನನಗೂ ಮೈಕೈ ನೋವುಂಟು."

ಅವರು ತೀರ್ಪಿಗಾಗಿ ತಾಯಿಯ ಮುಖ ನೋಡಿದರು. ಅತ್ತೆ ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ, ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವರು ಮಗನಿಗೆ, "ನೀನು ಗೆರೆ ದಾಟ್ಬೇಡ. ಹೋಗಿ ಕುಕ್ಕರ್ ಇಡು" ಎಂದರು.

ಅಂದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮಗಳು ಪಾತ್ರೆ ತೊಳೆದದ್ದು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಮರುದಿನವೂ ನಾನು ಕುಂಡಗಳ ನಡುವೆಯೇ ಕೂತೆ. ಮಧ್ಯಾಹ್ನ ಅತ್ತೆ ಬಂದು ಗೆರೆಯ ಆಚೆಗೇ ನಿಂತರು.

"ಕೆಡ್ಡಸಕ್ಕೆ ನಾವು ಮನೆ ತುಂಬ ಜನಕ್ಕೆ ಅಕ್ಕಿ ಹುರೀತಿದ್ದೆವು. ನಮಗೂ ನೋವಿರ್ತಿತ್ತು. ರಜೆ ಅವಳಿಗೆ ಮಾತ್ರ ಅಂತ ತಿಳ್ಕೊಂಡಿದ್ದೆವು" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ತುಳಸಿಯ ಬುಡದಲ್ಲಿ ಸೀಗೆ, ಅರಸಿನ ಇಟ್ಟು ಮಣ್ಣಿಗೆ ಎಣ್ಣೆ ಬಿಟ್ಟರು. ಅಲ್ಲಿಗೆ ಕೆಡ್ಡಸ ಮುಗಿಯಿತು. ಡಾಕ್ಟರು ಹೇಳಿದ್ದರಲ್ಲಿ ನನಗೆ ಅರ್ಧದಷ್ಟೇ ಸಿಕ್ಕಿತ್ತು. ಇನ್ನೇನು ಮಾಡುವುದು ಎಂದು ಕುರ್ಚಿಯಿಂದ ಏಳಹೊರಟೆ.

"ನೀನು ಎಲ್ಲಿಗೆ?" ಎಂದರು ಅತ್ತೆ.

ಒದ್ದೆ ಬಟ್ಟೆಯಿಂದ ಹಳೆಯ ಗೆರೆ ಒರೆಸಿದರು. ಮೊಣಕಾಲು ಹಿಡಿದುಕೊಂಡು ಬಗ್ಗಿ, ಹುಡಿಯಿಂದ ಹೊಸದೊಂದು ಗೆರೆ ಎಳೆದರು. ಈ ಸಲ ಕುಂಡಗಳೆಲ್ಲ ಹೊರಗೆ ಉಳಿದವು. ಒಳಗೆ ನನ್ನ ಕುರ್ಚಿ, ಅದರ ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು ಮಗನನ್ನು ಕರೆದರು.

"ಇನ್ನೊಂದು ಕುರ್ಚಿ ತಾ."