ಎಡಕ್ಕೆ ಬಿದ್ದ ಹೂವು

ದಸರಾ ರಜೆಯ ಪ್ರವಾಸಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡಪುಟದಲ್ಲಿ ದಾರಿ, ಬಲಪುಟದಲ್ಲಿ ಊಟ ಮತ್ತು ತಂಗುವ ಜಾಗ. ಮಧುಗಿರಿಯಿಂದ ಶಿರಾ, ಅಲ್ಲಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿ, ಯಲ್ಲಾಪುರ ದಾಟಿ ಘಾಟಿ ಇಳಿದರೆ ಅಂಕೋಲಾ. ಕಾರವಾರ ನೋಡಿಕೊಂಡು ಮಂಗಳೂರಿನವರೆಗೆ ಆದಷ್ಟೂ ಕಡಲಂಚಿನ ಹಳ್ಳಿ ರಸ್ತೆಗಳಲ್ಲೇ ಹೋಗುವುದು. ಒಟ್ಟು ಏಳು ದಿನ, ಮೂರು ಜನ, ಕಾರು ಓಡಿಸುವವಳು ನಾನು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ನಾನು ಅಳಿವೆಯ ಚಿತ್ರವನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಅಮ್ಮ ಸಮುದ್ರವನ್ನೇ ನೋಡಿರಲಿಲ್ಲ. ಅವಳಿಗೆ ತೋರಿಸಬೇಕು, ನಾನೇ ಕರೆದುಕೊಂಡು ಹೋಗಿ ತೋರಿಸಬೇಕು ಎಂಬುದು ನನ್ನ ಆಸೆ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನೋಟ್‌ಬುಕ್ಕನ್ನು ಊಟದ ಮೇಜಿನ ಮೇಲೆ ಕಾಣುವಂತೆ ಇಟ್ಟಿದ್ದೆ, ಅಷ್ಟೆ.

ಅಪ್ಪ ಅದನ್ನು ತಿರುವಿ ಹಾಕಿ, "ಎಲ್ಲಾ ಸರಿ ಐತೆ. ಒಂದು ಮಾತು ಮನೆದೇವ್ರನ್ನ ಕೇಳ್ಬುಡಾನ" ಅಂದರು.

ಆಗಲೇ ನನಗೆ ಅನುಮಾನ ಶುರುವಾಯಿತು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಅವರು. ಮನೆ ಕಟ್ಟುವಾಗಲೂ ದೇವರ ಹತ್ತಿರ ಹೂ ಕೇಳಿದವರಲ್ಲ. ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿರುತ್ತಾರೆ. ಬೇಡ ಅನ್ನಲು ಮನಸ್ಸು ಬಾರದೆ ಆ ಮಾತನ್ನು ದೇವರಿಂದ ಆಡಿಸುತ್ತಿದ್ದಾರೆ ಎಂದುಕೊಂಡೆ. ಸಾಲದ್ದಕ್ಕೆ, ಗುಡಿಗೆ ಹೊರಡುವ ಹಿಂದಿನ ಸಂಜೆ ಅವರು ಹಿತ್ತಲಿಗೆ ಹೋಗಿ, ದನಿ ತಗ್ಗಿಸಿ ಪೂಜಾರಿಗೆ ಫೋನ್ ಮಾಡುವುದನ್ನು ಕೇಳಿಸಿಕೊಂಡೆ: "ನಾನ್ ಹೇಳಿದ್ದು ನೆಪ್ಪೈತಲ್ಲ? ಹೂಂ, ಅಂಗೇ ಆಗ್ಬೇಕು." ಪೂಜಾರಿ ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು.

ನಮ್ಮ ಮನೆದೇವರ ಗುಡಿ ಇರುವುದು ಕಳ್ಳಂಬೆಳ್ಳದ ಹತ್ತಿರದ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ಕೇಳುವ ಕ್ರಮ ಸರಳ. ಪೂಜಾರಿ ಕಲ್ಲಿನ ಮೂರ್ತಿಗೆ ನೀರು ಹಾಕಿ, ಅದರ ಎರಡು ಭುಜಗಳ ಮೇಲೆ ಒಂದೊಂದು ಕಣಗಿಲೆ ಹೂವನ್ನು ಒಟ್ಟಿಗೇ ಅಂಟಿಸುತ್ತಾರೆ. ಕಲ್ಲು ಆರುತ್ತಾ ಬಂದಂತೆ ಒಂದು ಹೂವು ಉದುರುತ್ತದೆ. ಬಲದ್ದು ಬಿದ್ದರೆ ಹೋಗಬಹುದು, ಎಡದ್ದು ಬಿದ್ದರೆ ಬೇಡ. ಮೂರು ಸಲ ಕೇಳಬಹುದು, ಒಂದೇ ದಿನ ಮೂರು ಸಲ ಅಲ್ಲ.

ಮೊದಲ ಭಾನುವಾರ ಎಡದ ಹೂವು ಬಿತ್ತು, ಅದೂ ಕೈ ಮುಗಿದು ಕಣ್ಣು ತೆರೆಯುವಷ್ಟರಲ್ಲಿ. ಅಪ್ಪನ ಮುಖ ನೋಡಿದೆ. ಸಪ್ಪಗಿತ್ತು. ಚೆನ್ನಾಗಿ ನಟಿಸುತ್ತಾರೆ ಎಂದುಕೊಂಡೆ.

ಮುಂದಿನ ವಾರವಿಡೀ ಮನೆಯಲ್ಲಿ ನೋಟ್‌ಬುಕ್ಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಮ್ಮ ಮಾತ್ರ ಒಮ್ಮೆ, ಬೆಳ್ಳುಳ್ಳಿ ಬಿಡಿಸುತ್ತಾ, "ಆ ಘಾಟಿ ಎಷ್ಟು ದೂರ ಐತೆ ಅಂದೆ?" ಎಂದು ಕೇಳಿದಳು. ಹಿಂದೆಯೂ ಎರಡು ಸಲ ಅದನ್ನೇ ಕೇಳಿದ್ದಳು. ಕಾಡು ನೋಡುವ ಆಸೆ ಇರಬೇಕು ಎಂದು ನಾನು ಪ್ರತಿ ಸಲವೂ ಅಲ್ಲಿನ ಮರಗಳನ್ನೂ ತಿರುವುಗಳನ್ನೂ ವರ್ಣಿಸಿದ್ದೆ.

ಎರಡನೆಯ ಭಾನುವಾರ ನಾನು ಕೈ ಮುಗಿದೆ, ಕಣ್ಣು ಮುಚ್ಚಲಿಲ್ಲ. ಪೂಜಾರಿಯ ಬೆರಳುಗಳನ್ನೇ ನೋಡುತ್ತಿದ್ದೆ. ಅವರು ತಟ್ಟೆಯ ಎಡಬಲದ ಹೂಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದೇ ಸಮನೆ ಒತ್ತಿದರು. ಅಲ್ಲಿ ಮೋಸವಿರಲಿಲ್ಲ. ಮೋಸವಿದ್ದದ್ದು ಅದಕ್ಕೂ ಮುಂಚೆ, ತಟ್ಟೆಯಲ್ಲಿ. ಹೂ ಜೋಡಿಸಿದವಳು ಅಮ್ಮ. ಬಲಗಡೆಯದನ್ನು ಒದ್ದೆ ಬಟ್ಟೆಯಿಂದ ತೆಗೆದಿಟ್ಟಿದ್ದಳು, ಎಡಗಡೆಯದನ್ನು ಸೆರಗಿನ ಗಂಟಿನಿಂದ. ಒದ್ದೆ ಹೂವು ಕಲ್ಲಿಗೆ ಕಚ್ಚಿಕೊಂಡಿತು. ಒಣಗಿ ಮುದುಡಿದ್ದು ಜಾರಿತು.

"ನಿಮ್ಮಪ್ಪ ಬಲಗಡೆದೇ ಬೀಳಂಗೆ ಮಾಡು ಅಂತ ಎರಡು ದಪ ಫೋನ್ ಮಾಡವ್ರೆ ಕಣಮ್ಮ. ದೇವ್ರು ಹೂಂ ಅಂದ್ರೆ ನಿಮ್ಮಮ್ಮ ನೆಮ್ಮದಿಯಾಗಿ ಹೊರಡ್ತಾರಂತೆ. ನಾನೇನ್ ಮಾಡ್ಲಿ, ದೇವ್ರು ಕೇಳ್ಬೇಕಲ್ಲ?" ಎಂದು ಪೂಜಾರಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಎರಡು ವಾರ ನಾನು ತಪ್ಪು ಮನುಷ್ಯನ ಮೇಲೆ ಕಣ್ಣಿಟ್ಟಿದ್ದೆ.

ಅಪ್ಪ ಅವರೊಡನೆ ಮಾತಿಗೆ ನಿಂತರು. ನಾನೂ ಅಮ್ಮನೂ ಕೆರೆ ಏರಿ ಹತ್ತಿದೆವು.

"ಎಡಗಡೆ ಹೂವು ಒಣಗಿತ್ತು" ಅಂದೆ.

ಅಮ್ಮ ನೀರಿನ ಕಡೆ ನೋಡುತ್ತಾ, "ನಿನ್ ಕಣ್ಣು ನಿಮ್ಮಜ್ಜಿ ಕಣ್ಣು" ಅಂದಳು. ಆಮೇಲೆ ಕಾರಣ ಹೇಳಿದಳು.

ಅವಳು ಪಾವಗಡದ ಕಡೆಯವಳು, ತಿರುಮಣಿ ಹತ್ತಿರದ ಬಯಲಿನವಳು. ಮದುವೆಯಾದ ಎರಡನೇ ತಿಂಗಳು ಮನೆಯವರೆಲ್ಲ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿದ್ದರು. ಘಾಟಿಯ ತಿರುವಿನಲ್ಲಿ ಅಮ್ಮನಿಗೆ ವಾಂತಿಯಾಯಿತು. ಹೊಸ ಸೊಸೆ ವಾಂತಿ ಮಾಡಿಕೊಂಡರೆ ಬಸ್ಸು ಸುಮ್ಮನಿರುತ್ತದೆಯೇ?

"ಎಲ್ರೂ ಚಪ್ಪಾಳೆ ಹೊಡದ್ರು. ಸಿಹಿ ಯಾವಾಗ ಅಂದ್ರು. ನಿಮ್ಮಜ್ಜಿ ಕೆಳಗಿಳಿದು ದೇವ್ರಿಗೆ ಹರಕೆ ಹೊತ್ಕೊಂಡ್ರು. ನಂಗೆ ಏನೂ ಇಲ್ಲ, ತಿರುವಿಗೆ ಅಂಗಾಯ್ತು ಅನ್ನಕ್ಕೆ ಬಾಯೇ ಬರ್ಲಿಲ್ಲ. ಆಮೇಲೆ ನೀನು ಹುಟ್ಟಕ್ಕೆ ನಾಕು ವರ್ಷ ಆಯ್ತು. ಆ ನಾಕು ವರ್ಷ ನಿಮ್ಮಜ್ಜಿ ಬಸ್ಸಿನ ಮಾತು ಎತ್ತದ ದಿನ ಇಲ್ಲ, ಸುಳ್ಳು ವಾಂತಿ ಸೊಸೆ ಅಂತ."

ಈಗಲೂ ಕಾರು ಹತ್ತುವ ದಿನ ಅವಳು ಏನೂ ತಿನ್ನುವುದಿಲ್ಲ. ಒಪ್ಪೊತ್ತು ಎನ್ನುತ್ತಾಳೆ. ನಾವು ಅದನ್ನು ಭಕ್ತಿ ಎಂದುಕೊಂಡಿದ್ದೆವು.

"ನೇರವಾಗಿ ಬೇಡ ಅನ್ನಬಹುದಿತ್ತಲ್ಲ?"

"ಅಷ್ಟು ಚೆಂದಾಗಿ ಬರ್ದಿದ್ಯಲ್ಲ" ಅಂದಳು. "ಅದೂ ಅಲ್ದೆ, ಬೇಡ ಅಂತ ಇಲ್ಲ ಕಣೆ. ಸಮುದ್ರ ನೋಡ್ಬೇಕು. ಘಾಟಿ ಬೇಡ."

ಘಾಟಿ ಇಳಿಯದೆ ಪಶ್ಚಿಮದ ಕಡಲಿಗೆ ಹೋಗುವ ದಾರಿ ನಮ್ಮ ಕಡೆಯಿಂದ ಇಲ್ಲ. ಅದನ್ನು ನಾನು ನಕ್ಷೆ ನೋಡದೆಯೂ ಹೇಳಬಲ್ಲೆ. ಅವತ್ತು ಹಿಂತಿರುಗುವಾಗ ಕನ್ನಡಿಯಲ್ಲಿ ಅಮ್ಮನನ್ನು ನೋಡಿದೆ. ಹಿಂದಿನ ಸೀಟು, ಪಕ್ಕದಲ್ಲಿ ಚೀಲಗಳು, ಮೊಣಕಾಲಿನ ಮೇಲೆ ಕುಕ್ಕೆ. ಆ ಬಸ್ಸಿನಲ್ಲೂ ಹಿಂದಿನ ಸೀಟೇ ಎಂದು ಹೇಳಿದ್ದಳು. ಮುಂದೆ ಅಪ್ಪ, ಚಿಕ್ಕಪ್ಪ, ಮಾವ, ಯಾರಾದರೂ ಗಂಡಸರು. ಅವಳು ಮುಂದೆ ಕೂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಸಂಜೆ ಕೊರಟಗೆರೆ ದಾರಿಯಲ್ಲಿ ದೇವರಾಯನದುರ್ಗಕ್ಕೆ ಇಬ್ಬರನ್ನೂ ಹೊರಡಿಸಿದೆ. ನಮಗೆ ಹತ್ತಿರದಲ್ಲಿ ತಿರುವುಗಳಿರುವ ಬೆಟ್ಟ ಅದೊಂದೇ. ಅಮ್ಮನಿಗೆ ಮುಂದಿನ ಬಾಗಿಲು ತೆರೆದೆ.

"ನಾನೆಲ್ಲಿ ಕೂರ್ಲಿ?" ಅಂದರು ಅಪ್ಪ.

"ಹಿಂದೆ."

ಕಿಟಕಿ ಪೂರ್ತಿ ಇಳಿಸಿ, ರಸ್ತೆಯನ್ನೇ ನೋಡುತ್ತಿರು ಎಂದು ಅಮ್ಮನಿಗೆ ಹೇಳಿದೆ. ಒಂದು, ಎರಡು, ಐದು ತಿರುವು ಕಳೆದವು. ಅವಳ ಕೈಯಲ್ಲಿದ್ದ ನಿಂಬೆಹಣ್ಣು ಮಡಿಲಿಗೆ ಇಳಿಯಿತು. ಆರನೆಯ ತಿರುವಿನಲ್ಲಿ ಹಿಂದಿನಿಂದ ಕ್ಷೀಣ ದನಿಯೊಂದು ಬಂತು: "ಒಸಿ ನಿಲ್ಸು. ಇಲ್ಲಿ ಗಾಳಿನೇ ಬರಲ್ವಲ್ಲ."

"ಮೂವತ್ತು ವರ್ಷದಿಂದ ಬತ್ತಿಲ್ಲ" ಅಂದಳು ಅಮ್ಮ.

ಅಪ್ಪ ರಸ್ತೆ ಪಕ್ಕದ ಬಂಡೆಗೆ ಕೈ ಊರಿ ಬಗ್ಗಿ ನಿಂತರು. ಅಮ್ಮ ಇಳಿದು ಹೋಗಿ ನಿಂಬೆಹಣ್ಣು ಕೊಟ್ಟು, ಬೆನ್ನು ನೀವುತ್ತಾ ಕೇಳಿದಳು: "ಏನ್ರೀ, ಸಿಹಿ ಯಾವಾಗ?"

ಅಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಅವರೂ ಆ ಬಸ್ಸಿನಲ್ಲಿದ್ದವರು. ಚಪ್ಪಾಳೆ ತಟ್ಟಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಬೆಟ್ಟ ಇಳಿಯುವಾಗಲೂ ತಾವಾಗಿಯೇ ಹೋಗಿ ಹಿಂದೆ ಕೂತರು.

ಮೂರನೆಯ ಭಾನುವಾರ ಮತ್ತೆ ಗುಡಿಗೆ ಹೋದೆವು. ಅಮ್ಮ ಬೆಳಿಗ್ಗೆ ಎರಡು ಇಡ್ಲಿ ತಿಂದು ಮುಂದಿನ ಸೀಟಿನಲ್ಲಿ ಕೂತು ಬಂದಿದ್ದಳು. ಪೂಜಾರಿ ಮೂರ್ತಿಗೆ ನೀರು ಹಾಕಿದರು. ಅಪ್ಪ ಕಣ್ಣು ಮುಚ್ಚಿ ನಿಂತರು. ಎಷ್ಟೇ ತಡೆದುಕೊಂಡರೂ ನನ್ನ ಕಣ್ಣು ತಟ್ಟೆಯ ಕಡೆಗೇ ಹೋಯಿತು.

ಅಮ್ಮ ಎಡಗಡೆಯ ಹೂವನ್ನು ಒದ್ದೆ ಬಟ್ಟೆಯಿಂದ ತೆಗೆದಿಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೂ, ಬಲಗಡೆಗೆ ಇನ್ನೊಂದನ್ನು ಇಟ್ಟಳು.

ನಾನು ಕಣ್ಣು ಮುಚ್ಚಿ ಕೈ ಮುಗಿದೆ.