ಭಾವನಿಗೆ ಸೋಲುವ ವಿದ್ಯೆ

ಪೆಟ್ರೋಲಿನ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ, ನನಗೆ ನಗು ಬರುತ್ತದೆ. ಹೋದ ತಿಂಗಳು ತವರಿಗೆ ಹೊರಟವಳು ಘಟ್ಟ ಹತ್ತುವ ಮುಂಚೆ ಸತ್ಯಮಂಗಲದ ಬಂಕಿನಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬ ಬೈಕಿನವನು, ಹಿಂದೆ ಕೂತ ಹೆಂಡತಿಗೆ ತಮಿಳಿನಲ್ಲಿ ಪಾಠ ಒಪ್ಪಿಸುತ್ತಿದ್ದ. ಟ್ಯಾಂಕು ಪೂರ್ತಿ ತುಂಬಿಸಬಾರದಂತೆ, ಭಾರ ಹೆಚ್ಚಾದರೆ ಗಾಡಿ ಹೆಚ್ಚು ಕುಡಿಯುತ್ತದಂತೆ, ಇದೆಲ್ಲ ಹೆಂಗಸರಿಗೆ ತಿಳಿಯುವುದಿಲ್ಲವಂತೆ. ಆಕೆ ತಲೆಯಾಡಿಸುತ್ತಿದ್ದಳು. ಗಂಡಸರು ಪೆಟ್ರೋಲಿನ ಬಗ್ಗೆ ಮಾತಾಡುವಾಗ ಹೆಂಗಸರು ಆಡಿಸುವ ಆ ತಲೆಯ ಅರ್ಥ ನಿಮಗೂ ಗೊತ್ತಿರಬಹುದು. ನನಗಂತೂ ಚೆನ್ನಾಗಿ ಗೊತ್ತು. ಒಂದು ದೀಪಾವಳಿಯ ರಜೆಯಷ್ಟು ಕಾಲ ನಾನೂ ಹಾಗೆ ತಲೆಯಾಡಿಸಿದ್ದೇನೆ, ಅದೂ ಒಂದು ಹನಿಯೂ ಇಲ್ಲದ ಪೆಟ್ರೋಲಿನ ವಿಷಯಕ್ಕೆ.

ಎರಡು ಸಾವಿರದ ಐದೋ ಆರೋ ಇರಬೇಕು. ಅಕ್ಕನ ಮದುವೆಯಾಗಿ ವರ್ಷ ತುಂಬಿತ್ತು. ಭಾವನಿಗೆ ಸತ್ಯಮಂಗಲದಲ್ಲಿ ಟ್ರ್ಯಾಕ್ಟರು, ಲಾರಿಗಳ ಬಿಡಿಭಾಗ ಮಾರುವ ಅಂಗಡಿ. ಬೇರಿಂಗ್ ಮಾರುವವರಿಗೆ ಲೋಕದಲ್ಲಿ ತಿರುಗುವುದೆಲ್ಲ ತಮ್ಮ ಕೈಯಿಂದಲೇ ತಿರುಗುತ್ತಿದೆ ಎಂಬ ಭ್ರಮೆ ಬೇಗ ಬರುತ್ತದೆ. ನಮ್ಮ ಭಾವನಿಗೆ ಅದು ಹುಟ್ಟುತ್ತಲೇ ಬಂದಿತ್ತೆಂದು ನನ್ನ ಅಂದಾಜು. ನಮ್ಮ ಮನೆಯ ಮಿಕ್ಸಿ, ಬೋರ್‌ವೆಲ್ ಮೋಟಾರು, ಅಪ್ಪನ ಮೊಪೆಡ್, ಯಾವುದರ ಸದ್ದು ಕೇಳಿದರೂ ಕಿವಿ ಓರೆ ಮಾಡಿ, "ಇದು ಸರಿಯಿಲ್ಲ" ಎನ್ನುತ್ತಿದ್ದರು. ಸರಿ ಮಾಡಿದ್ದನ್ನು ನಾನು ಕಾಣೆ.

ಆ ದೀಪಾವಳಿಗೆ ಅವರಿಬ್ಬರೂ ಘಟ್ಟದ ಮೇಲಿನ ನಮ್ಮೂರು ಪಣಕಹಳ್ಳಿಗೆ ಬಂದ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಸ್ಸಿನಿಂದ ಮೊದಲು ಭಾವ ಇಳಿದರು, ಎದೆಗೆ ಒಂದು ರಟ್ಟಿನ ಪೆಟ್ಟಿಗೆ ಅವಚಿಕೊಂಡು. ಘಟ್ಟದ ಅಷ್ಟೂ ತಿರುವುಗಳಲ್ಲಿ ಅದನ್ನು ತೊಡೆಯಿಂದ ಇಳಿಸಿರಲಿಲ್ಲವಂತೆ. ಹಿಂದಿನಿಂದ ಅಕ್ಕ, ಎರಡು ಕೈಯಲ್ಲಿ ಎರಡು ಚೀಲ, ಹೆಗಲಿಗೊಂದು. ಪೆಟ್ಟಿಗೆಯಲ್ಲಿ ಮಗು ಇದೆಯೇನೋ ಎಂಬಂತೆ ಅವ್ವ ಓಡಿ ಹೋಗಿ ಇಣುಕಿದಳು. ಕೊಯಮತ್ತೂರಿನಲ್ಲಿ ಯಾರೋ ಆಡಿ ಬಿಟ್ಟ ವಿಡಿಯೋ ಗೇಮ್ ಸೆಟ್ಟು ಅದು. ಟಿವಿಗೆ ಸಿಕ್ಕಿಸಬೇಕು, ಎರಡು ರಿಮೋಟು, ಇಬ್ಬರು ಆಡಬಹುದು. ಅವರ ಮನೆಯಲ್ಲಿ ಜೊತೆಗೆ ಆಡುವವರು ಯಾರೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಆಟ ಕಾರಿನ ರೇಸು. ಟಿವಿಯ ಮೇಲಿನ ಅರ್ಧದಲ್ಲಿ ಭಾವನ ಕಾರು, ಕೆಳಗಿನ ಅರ್ಧದಲ್ಲಿ ನನ್ನದು. ಕಾಲೇಜು ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನೇ ಅವರ ಎದುರಾಳಿ. ರೇಸೆಂದರೆ ಓಡಿಸುವುದು ಎಂದು ತಿಳಿದಿದ್ದವಳು ನಾನು. ಭಾವ ಕಜ್ಜಾಯದ ಎಣ್ಣೆ ಕೈಯಲ್ಲೇ ರಿಮೋಟು ಹಿಡಿದು ಉಪದೇಶ ಶುರುಮಾಡಿದರು.

"ಓಡ್ಸದೇನು, ಯಾರ್ ಬೇಕಾದ್ರೂ ಓಡುಸ್ತಾರೆ ಕಣಮ್ಮಿ. ಗೆಲ್ಲದು ಪೆಟ್ರೋಲ್ ಲೆಕ್ಕದಲ್ಲಿ. ಅದ ಸ್ಟ್ರಾಟಜಿ ಅಂತಾರೆ."

ವಿಷಯ ಇಷ್ಟೇ. ಉದ್ದದ ರೇಸಿನಲ್ಲಿ ಸುತ್ತು ಹೊಡೆದಂತೆಲ್ಲ ಕಾರಿನ ಪೆಟ್ರೋಲು ಕರಗುತ್ತದೆ, ಟೈರು ಸವೆಯುತ್ತದೆ. ಮೂಲೆಯಲ್ಲಿ ಒಂದು ಮುಳ್ಳು ಇಳಿಯುತ್ತಾ ಬರುತ್ತದೆ. ಆಗ ದಾರಿ ಬಿಟ್ಟು ಪಕ್ಕದ ಓಣಿಗೆ ನುಗ್ಗಿ ನಿಲ್ಲಿಸಬೇಕು. ಗೊಂಬೆಯಂಥ ನಾಲ್ಕು ಜನ ಓಡಿಬಂದು ಟೈರು ಬದಲಿಸಿ ಪೆಟ್ರೋಲು ತುಂಬುತ್ತಾರೆ. ಅದಕ್ಕೆ ಪಿಟ್ ಸ್ಟಾಪ್ ಎಂದು ಹೆಸರು. ಎಷ್ಟು ತುಂಬಬೇಕು, ಯಾವಾಗ ನಿಲ್ಲಬೇಕು ಎನ್ನುವುದು ಆಡುವವರ ಇಷ್ಟ. ಕಡಿಮೆ ತುಂಬಿದರೆ ಕಾರು ಹಗುರ, ಓಟ ಜೋರು, ಆದರೆ ಬೇಗ ಮತ್ತೆ ನಿಲ್ಲಬೇಕು. ಪೂರ್ತಿ ತುಂಬಿದರೆ ನಿಲ್ಲುವುದು ಕಡಿಮೆ, ಆದರೆ ಕಾರು ಭಾರ.

ಭಾವನ ಸಿದ್ಧಾಂತ: ಯಾವಾಗಲೂ ಫುಲ್ ಟ್ಯಾಂಕ್, ನಿಲ್ಲುವುದು ಒಂದೇ ಸಲ. ನಿಲ್ಲುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಹೀಗಾಗಿ ಅವರ ಕೆಂಪು ಕಾರು ಪ್ರತಿ ತಿರುವಿನಲ್ಲೂ ಕೋಸು ಹೇರಿದ ಲಾರಿಯ ಹಾಗೆ ವಾಲಿಕೊಂಡು, ನರಳಿಕೊಂಡು ಹೋಗುತ್ತಿತ್ತು. ಎರಡನೆಯ ದಿನದ ಹೊತ್ತಿಗೆ ಗುಂಡಿಗಳು ನನ್ನ ಬೆರಳಿಗೆ ಒಗ್ಗಿದವು. ಅರ್ಧ ಟ್ಯಾಂಕ್ ಹಾಕಿಸಿ ಎರಡು ಸಲ ನಿಂತು, ಸಲೀಸಾಗಿ ಗೆದ್ದುಬಿಟ್ಟೆ. ಭಾವ ರಿಮೋಟು ಕೆಳಗಿಟ್ಟರು. ಎದೆಯುರಿ ಎಂದರು. ಅವ್ವ ಬಡಿಸಿದ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದರು.

ಅಪ್ಪ ನನ್ನನ್ನು ಹಿತ್ತಲಿಗೆ ಕರೆದ.

"ಏನಮ್ಮಿ, ನಿಂಗೆ ಬುದ್ದಿಗಿದ್ದಿ ಇಲ್ವಾ? ಅಳಿಯಂದ್ರ ಸೋಲ್ಸೀಯಾ?"

"ಆಟ ತಾನೆ ಅಪ್ಪ."

"ನಿಂಗೆ ಆಟ. ನಿಮ್ಮಕ್ಕನ ಟೀಚರ್ ವೇಲೆ ಮಾತು ಅವ್ರ ಬಾಯಲ್ಲಿ ನಿಂತದೆ. ಸೋತ್ರೆ ನಿನ್ನ ಗಂಟೇನ್ ಓಯ್ತದೆ?"

ಈ ಕೆಲಸದ ಸಂಗತಿ ನಿಮಗೆ ಹೇಳಲಿಲ್ಲ. ಅಕ್ಕ ಮದುವೆಗೆ ಮುಂಚೆಯೇ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಟೀಚರು ಸಿಗುವುದೇ ಕಷ್ಟ. ಆಗ ಹತ್ತಿರದ ತಾಳವಾಡಿಯ ಒಂದು ಶಾಲೆಗೆ ಅಕ್ಕನಿಗೆ ಆರ್ಡರು ಬಂದಿತ್ತು. ರಜೆ ಮುಗಿಯುತ್ತಲೇ ಹೋಗಿ ಸೇರಬೇಕು. ವಾರವೆಲ್ಲ ಇಲ್ಲಿ, ಶನಿವಾರ ಸತ್ಯಮಂಗಲಕ್ಕೆ. ಭಾವ ಹೂಂ ಅನ್ನಬೇಕು. ಬಂದ ದಿನವೇ ಅಪ್ಪ ಕೈಕಟ್ಟಿಕೊಂಡು ಕೇಳಿದ್ದ. "ಯೋಚ್ನೆ ಮಾಡಿ ಏಳ್ತೀನಿ ಬುಡಿ ಮಾವ" ಎಂದು ಭಾವ ಟಿವಿಯ ಕಡೆ ತಿರುಗಿದ್ದರು. ಬದುಕಿನಲ್ಲಿ ಅಪ್ಪ ಯಾರಿಗೂ ಕೈಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಅದೂ ಇಂಥವರ ಮುಂದೆ.

ಸರಿ, ಸೋಲಲು ಹೊರಟೆ. ನೀವು ಸುಲಭ ಎಂದುಕೊಂಡಿರಬಹುದು. ಭಾವನನ್ನು ಗೆಲ್ಲುವುದಕ್ಕೆ ಏನೂ ಬೇಕಿರಲಿಲ್ಲ, ಸೋಲುವುದಕ್ಕೆ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕಿತ್ತು. ಮೊದಲು ಗೋಡೆಗೆ ಗುದ್ದಿ ನೋಡಿದೆ. "ಬೇಕಂತ್ಲೇ ಗುದ್ದುದ್ಯಾ?" ಎಂದು ದುರುಗುಟ್ಟಿದರು. ನಿಧಾನವಾಗಿ ಓಡಿಸಿದರೆ, "ನಿದ್ದೆ ಬತ್ತದಾ?" ಎಂದರು. ದಡ್ಡರಿಗೂ ಇಷ್ಟು ಸೂಕ್ಷ್ಮ ಇರುತ್ತದೆ ನೋಡಿ, ತಮ್ಮ ಗೆಲುವು ಅಸಲಿಯೋ ನಕಲಿಯೋ ಎಂಬ ವಿಷಯದಲ್ಲಿ ಮಾತ್ರ. ಕಡೆಗೆ ನನ್ನನ್ನು ಕಾಪಾಡಿದ್ದು ಅವರದೇ ಪೆಟ್ರೋಲ್ ಶಾಸ್ತ್ರ. ಗೋಡೆಗೆ ಗುದ್ದಿದರೆ ನಾಟಕ, ಆದರೆ ಪೆಟ್ರೋಲ್ ಹಾಕಿಸಲು ನಿಂತರೆ ಅದು ಪೆದ್ದುತನ. ನಾದಿನಿಯ ಪೆದ್ದುತನದ ಮೇಲೆ ಅವರಿಗೆ ಪೂರ್ಣ ನಂಬಿಕೆ.

ಹಾಗಾಗಿ ನಾನು ನಿಲ್ಲತೊಡಗಿದೆ. ಮೊದಲ ಸುತ್ತಿಗೇ ನಿಂತೆ. ಮುಳ್ಳು ಅರ್ಧವೂ ಇಳಿಯುವ ಮೊದಲು ನಿಂತೆ. ಹೊಸ ಟೈರನ್ನು ತೆಗೆಸಿ ಹೊಸ ಟೈರು ಹಾಕಿಸಿದೆ. ಆ ಗೊಂಬೆಗಳಿಗೂ ನನ್ನನ್ನು ನೋಡಿ ಬೇಸರ ಬಂದಿರಬೇಕು. ಒಂದು ರೇಸಿನಲ್ಲಿ ಭಾವ ಲೆಕ್ಕ ತಪ್ಪಿ, ಕೊನೆಯ ಸುತ್ತಿನಲ್ಲಿ ಪೆಟ್ರೋಲು ಮುಗಿದು, ಅವರ ಕಾರು ಎತ್ತಿನಗಾಡಿಗಿಂತ ನಿಧಾನವಾಗಿ ತೆವಳತೊಡಗಿತು. ತೆವಳುವವರ ಹಿಂದೆ ಉಳಿಯುವುದು ಹೇಗೆ ಹೇಳಿ? ಇನ್ನೊಂದು ಸಲ ಓಣಿಗೆ ನುಗ್ಗಿ, ಫುಲ್ ಟ್ಯಾಂಕ್ ಹಾಕಿಸಿಕೊಂಡು, ಹೊರಡುವ ಗುಂಡಿ ಒತ್ತದೆ ಕೂತೇ ಇದ್ದೆ. ಭಾವ ತೆವಳಿ ತೆವಳಿ ಗೆರೆ ದಾಟಿದರು.

"ನೋಡುದ್ಯಾ?" ಎಂದರು ಬೆವರು ಒರೆಸಿಕೊಂಡು. "ಕರೆಟ್ಟಾಗಿ ಗೆರೆ ದಾಟಗಂಟ ಬರೋ ಅಂಗೆ ಆಕ್ಸಿದ್ದೆ. ಒಂದ್ ಹನಿ ದಂಡ ಇಲ್ಲ."

ತಲೆಯಾಡಿಸಿದೆ. ಮಧ್ಯೆ ಕರೆಂಟು ಹೋದ ಆಟಗಳನ್ನೂ ಅವರು ತಮ್ಮ ಗೆಲುವಿಗೇ ಸೇರಿಸಿಕೊಂಡರು. ಊಟ ಹೆಚ್ಚಾಯಿತು. ಎದೆಯುರಿ ಹೋಯಿತು. ಅಂಗಡಿಯನ್ನೂ ಹೀಗೇ ಸ್ಟ್ರಾಟಜಿಯಿಂದ ನಡೆಸುತ್ತೇನೆಂದು ಅಪ್ಪನಿಗೆ ವಿವರಿಸಿದರು. ಅಪ್ಪ ಸಂತೋಷದಿಂದ ನನ್ನ ಕಡೆ ನೋಡಿದ. ಅಕ್ಕ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಟಿವಿಯ ಮೇಲಿನ ಅರ್ಧ ಅವಳು ನೋಡುತ್ತಲೇ ಇರಲಿಲ್ಲ. ನನ್ನ ಕಾರು ಓಣಿಗೆ ನುಗ್ಗಿದಾಗೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ.

ಹಬ್ಬ ಮುಗಿದ ಮೇಲೆ ಹತ್ತಿರದ ಗುಮಟಾಪುರದಲ್ಲಿ ವರ್ಷವೂ ನಡೆಯುವ ಸಗಣಿ ಎರಚಾಟ. ಅಪ್ಪ, ಅವ್ವ ಊಟ ಮುಗಿಸಿ ಬಸ್ಸು ಹಿಡಿದರು. "ಬಟ್ಟೆ ಆಳಾಯ್ತದೆ" ಎಂದು ಭಾವ ಮನೆಯಲ್ಲೇ ಉಳಿದರು. ಉದ್ದದ ರೇಸು ಹಾಕಿದರು. ಶುರುವಾಗಿ ಎರಡು ಸುತ್ತು ಆಗಿತ್ತೋ ಏನೋ, ಅಕ್ಕ ಕಾಫಿ ತಂದಿಟ್ಟು ಅಲ್ಲೇ ನಿಂತಳು.

"ಸೋಮವಾರ ಸೇರ್ಕಬೇಕು. ಏನೂ ಏಳ್ಳಿಲ್ವಲ್ಲ ನೀವು."

ಭಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯಾವ್ದು, ಆ ವೇಲೆ ಮಾತಾ? ಅದು ಬ್ಯಾಡ ಅಂತ ಇಲ್ಲಿಗೆ ಬರಕ್ ಮುಂಚೇನೇ ತೀರ್ಮಾನ ಮಾಡ್ಬುಟ್ಟಿದ್ದೆ."

"ಮತ್ತೆ ಅಪ್ಪನ್ಗೆ ಯೋಚ್ನೆ ಮಾಡ್ತೀನಿ ಅಂದ್ರಿ?"

"ಅಬ್ಬದಲ್ಲಿ ಎಲ್ರ ಮನಸು ಯಾಕೆ ಕೆಡಸದು ಅಂತ. ಓಗುವಾಗ ಏಳುದ್ರಾಯ್ತು ಅನ್ಕಂಡಿದ್ದೆ. ಎಲ್ಲಾದ್ಕೂ ಒಂದ್ ಟೈಮ್ ಅದೆ ಕಣೆ."

ಅಪ್ಪನ ಕಟ್ಟಿದ ಕೈ, ಅವ್ವನ ಒಬ್ಬಟ್ಟು, ನಾನು ಬದಲಿಸಿದ ಅಷ್ಟೊಂದು ಟೈರು, ಎಲ್ಲವನ್ನೂ ಈ ಮನುಷ್ಯ ತಿಂದು ತೇಗಿ ಕೂತಿದ್ದರು. ಅಕ್ಕ ಜೋರು ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಚಾಪೆಯ ಮೇಲೆ ಕುಳಿತಳು.

"ಅಮ್ಮಿ," ಎಂದಳು, "ಇನ್ನು ಸೋಲ್ಬ್ಯಾಡ ಬುಡು."

ಭಾವ ತಿರುಗಿದರು. "ಸೋಲ್ಬ್ಯಾಡ ಅಂದ್ರೆ? ಅವ್ಳೇನ್ ಬೇಕಂತ ಸೋತಾಳಾ?"

ನಾನು ಓಡಿಸಿದೆ. ಅಷ್ಟು ದಿನ ಕಟ್ಟಿಹಾಕಿದ್ದ ಹಸುವನ್ನು ಬಿಚ್ಚಿದಂತಿತ್ತು. ತಿರುವಿನಿಂದ ತಿರುವಿಗೆ ಹಿಂದೆ ಬೀಳುತ್ತಾ ಭಾವನ ಕೆಂಪು ಕಾರು ಕಾಣದಾಯಿತು. ನನ್ನ ಮುಳ್ಳು ಇಳಿದಾಗ ನಿಂತೆ, ಬೇಕಾದಷ್ಟೇ ಹಾಕಿಸಿದೆ, ಹೊರಟೆ. ಆಗಲೂ ನಾನೇ ಮುಂದೆ. ಆಮೇಲೆ ಒಂದು ತಿರುವಿನಲ್ಲಿ ಕೆಂಪು ಕಾರು ಮತ್ತೆ ಕಂಡಿತು, ನನ್ನ ಮುಂದೆ, ಆದರೆ ಪೂರ್ತಿ ಒಂದು ಸುತ್ತು ಹಿಂದೆ ಉಳಿದದ್ದು. ದಾಟಿದೆ. ಭಾವನ ಮುಳ್ಳು ತಳ ಮುಟ್ಟುತ್ತಿತ್ತು. ತಮ್ಮ ಒಂದೇ ಒಂದು ಸ್ಟಾಪಿಗೂ ಅವರು ಹೋಗಲಿಲ್ಲ. ರೋಷಕ್ಕೆ ಓಡುವ ಕಾರನ್ನು ಯಾರೂ ಕಂಡುಹಿಡಿದಿಲ್ಲವಲ್ಲ. ನಾನು ಗೆರೆ ದಾಟಿ ರಿಮೋಟು ಕೆಳಗಿಟ್ಟ ಮೇಲೂ ಮೇಲಿನ ಅರ್ಧದಲ್ಲಿ ಅವರ ಕಾರು ತೆವಳುತ್ತಲೇ ಇತ್ತು. ಮೂವರೂ ನೋಡಿದೆವು.

"ಸೆಟ್ಟು ಸರಿಯಿಲ್ಲ" ಎಂದು ಭಾವ ವಯರು ಕಿತ್ತರು. ಪೆಟ್ಟಿಗೆಗೆ ತುಂಬುತ್ತಾ, "ಬಟ್ಟೆ ತುಂಬ್ಕೊ, ಸಂಜೆ ಬಸ್ಸಿಗೆ ಓಗಾಣ" ಎಂದರು ಅಕ್ಕನಿಗೆ.

"ನೀವು ಓಗಿ," ಎಂದಳು ಅಕ್ಕ. "ನಾನು ಇಸ್ಕೂಲ್ಗೆ ಸೇರ್ಕಂಡು ಶನಿವಾರ ಬತ್ತೀನಿ."

ಎದ್ದು ಹೋಗಿ ಅವರ ಅಂಗಿ, ಪಂಚೆ ಮಡಿಸಿ ಚೀಲಕ್ಕೆ ಹಾಕಿ ತಂದಿಟ್ಟಳು, ಕಜ್ಜಾಯದ ಡಬ್ಬಿ ಸಮೇತ. ಭಾವ ಬಾಗಿಲಲ್ಲಿ ಒಂದಷ್ಟು ಹೊತ್ತು ನಿಂತರು, ಅಕ್ಕ ಚೀಲ ಹೊತ್ತು ಹಿಂದೆ ಬರುತ್ತಾಳೆ ಎಂದುಕೊಂಡರೋ ಏನೋ. ಆಮೇಲೆ ಪೆಟ್ಟಿಗೆ ಒಂದು ಕೈಯಲ್ಲಿ, ಚೀಲ ಒಂದು ಕೈಯಲ್ಲಿ ಹಿಡಿದು ತಾವೇ ನಡೆದರು.

ಕತ್ತಲಾಗುವ ಮುಂಚೆ ಅಪ್ಪ, ಅವ್ವ ಬಂದರು. ಅಳಿಯಂದಿರು ಎಲ್ಲಿ ಎಂದ ಅಪ್ಪ. ಅಕ್ಕ ನಡೆದದ್ದೆಲ್ಲ ಹೇಳಿದಳು. ಅವ್ವ ಅಳತೊಡಗಿದಳು. ಅಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ. ನನ್ನ ಗ್ರಹಚಾರ ಬಿಡಿಸುತ್ತಾನೆ ಎಂದುಕೊಂಡೆ. ತಲೆಯೆತ್ತಿ, "ಬಾಳ ಸೋತ್ರಾ?" ಎಂದು ಕೇಳಿದ.

"ಬಾಳ" ಎಂದಳು ಅಕ್ಕ.

ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಸೋಮವಾರ ಅಕ್ಕನನ್ನು ಮೊಪೆಡ್ಡಿನಲ್ಲಿ ಶಾಲೆಗೆ ಬಿಟ್ಟು ಬಂದವನೂ ಅವನೇ. ಹೇಳಿದ ಹಾಗೆ ಶನಿವಾರ ಅಕ್ಕ ಘಟ್ಟ ಇಳಿದಳು. ಅವಳು ಕಾಣದಂತೆ ಅತ್ತದ್ದು ಎಷ್ಟೋ, ನಮಗೆ ಹೇಳಿದ್ದು ಸ್ವಲ್ಪ. ಮೊದಮೊದಲು ಭಾವ ಮಾತೇ ಆಡುತ್ತಿರಲಿಲ್ಲವಂತೆ. ಆಮೇಲೊಂದು ಶನಿವಾರ ಗೋಡೆ ನೋಡಿಕೊಂಡು, "ಇಸ್ಕೂಲಲ್ಲಿ ಮಕ್ಳು ಎಷ್ಟವೆ?" ಎಂದರಂತೆ. ಮುಂದೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ತಾಳವಾಡಿಯಲ್ಲೇ ಇನ್ನೊಂದು ತೆರೆದರು. ವ್ಯಾಪಾರಕ್ಕೆಂದು ಬಂದೆ ಎಂದರು. ನಾನು ನಂಬಿಲ್ಲ, ಅಕ್ಕನೂ ನಂಬಿದಂತಿಲ್ಲ.

ಹೋದ ತಿಂಗಳು ನಾನು ಹೊರಟಿದ್ದು ಆ ಶಾಲೆಗೇ. ಅಕ್ಕ ಹೆಡ್ ಮಿಸ್ ಆಗಿದ್ದಕ್ಕೆ ಊರವರು ಸಣ್ಣದೊಂದು ಸಮಾರಂಭ ಇಟ್ಟುಕೊಂಡಿದ್ದರು. ಹೆಡ್ ಮಿಸ್ ಯಜಮಾನರೂ ಎರಡು ಮಾತಾಡಲಿ ಎಂದು ಯಾರೋ ಮೈಕು ಕೊಟ್ಟುಬಿಟ್ಟರು. ಭಾವ ಗಂಟಲು ಸರಿಮಾಡಿಕೊಂಡರು. ತಲೆ ಪೂರ್ತಿ ನರೆತಿದೆ, ಧ್ವನಿ ಹಾಗೇ ಇದೆ.

"ಅವತ್ತು ರೇಸಲ್ಲಿ ನಮ್ಮ ನಾದಿನಿ ಕೈಲಿ ಬೇಕಂತ್ಲೇ ಸೋತ್ಬುಟ್ಟೆ. ನಾನು ಗೆದ್ದಿದ್ರೆ ಇವ್ರು ನನ್ನ ಜೊತೆ ಬಂದ್ಬುಡೋರು, ನಿಮ್ಗೆ ಒಬ್ಬ ಒಳ್ಳೆ ಟೀಚರ್ ತಪ್ಪೋಗೋರು. ಅದ್ಕೇ ಪೆಟ್ರೋಲ್ ಆಕುಸ್ಲೇ ಇಲ್ಲ. ಅದು ಸ್ಟ್ರಾಟಜಿ!"

ಜನ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ಏಳ್ಕಳ್ಳಿ ಬುಡಮ್ಮಿ," ಎಂದಳು ಕಿವಿಯಲ್ಲಿ. "ಸೋತೆ ಅನ್ನಕೆ ಇಷ್ಟ್ ವರ್ಸ ಬೇಕಾಯ್ತು ಅವ್ರಿಗೆ."

ಭಾವ ವೇದಿಕೆ ಇಳಿದು ನೇರ ನಮ್ಮ ಹತ್ತಿರ ಬಂದರು. "ಎಂಗಿತ್ತಮ್ಮಿ ನನ್ನ ಬಾಸ್ಣ?" ಎಂದರು. ಇಷ್ಟು ವರ್ಷದಿಂದ ಹರಿತ ಮಾಡಿಟ್ಟುಕೊಂಡಿದ್ದ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಅವರ ಮುಖ ನೋಡಿದೆ. ಕಣ್ಣಿನಲ್ಲಿ ಒಂದು ಹೆದರಿಕೆ ಇತ್ತು, ಮುಂಚೆ ನಾನೆಂದೂ ಗಮನಿಸದ್ದು.

"ಚೆನ್ನಾಗಿತ್ತು ಬಾವ," ಎಂದೆ.

ಖುಷಿಯಾಗಿ ಅಕ್ಕನಿಗೂ ನನಗೂ ಕಾಫಿ ತರಲು ತಾವೇ ಹೋದರು. ಸಕ್ಕರೆ ಹಾಕಿಸುವುದನ್ನು ಮರೆತು ತಂದರು. ನಾವಿಬ್ಬರೂ ಏನೂ ಹೇಳದೆ ಕುಡಿದೆವು.