ಚಕ್ಕುಬಂದಿ ಇಲ್ಲದ ಪತ್ರ

ನಂಜುಂಡಯ್ಯನವರು ಬರೆದ ಪತ್ರ ಕೋರ್ಟಿನಲ್ಲಿ ಬಿದ್ದುಹೋಗಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಸಕಲೇಶಪುರದಲ್ಲಿ ನಲವತ್ತೊಂದು ವರ್ಷದಿಂದ ಅವರು ಪತ್ರ ಬರಹಗಾರರು. ಕ್ರಯಪತ್ರವೋ ದಾನಪತ್ರವೋ ಪಾಲುಪಾರೀಕತ್ತೋ, ಏನೇ ಇರಲಿ, ಜಮೀನಿನ ನಾಲ್ಕು ದಿಕ್ಕಿನ ಗಡಿಯನ್ನು, ಅಂದರೆ ಚಕ್ಕುಬಂದಿಯನ್ನು, ತಾವೇ ಹೋಗಿ ನೋಡದೆ ಬರೆದವರಲ್ಲ. ಜಿಗಣೆ ಕಚ್ಚಿಸಿಕೊಂಡು ಹಳ್ಳ ದಾಟಿ, ಬೇಲಿಯ ಕಲ್ಲು ಮುಟ್ಟಿ ಬಂದು ಬರೆಯುತ್ತಿದ್ದರು. ಎಲ್ಲ ಪತ್ರದ ಕೊನೆಗೂ ಒಂದು ಸಾಲು ಇದ್ದೇ ಇರುತ್ತಿತ್ತು: ‘ಈ ಬಗ್ಗೆ ಮುಂದೆ ಯಾರೂ ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ.’ ಅದನ್ನು ಬರೆದು ಪೆನ್ನಿಗೆ ಮುಚ್ಚಳ ಹಾಕುವಾಗ ಅವರ ಮುಖದಲ್ಲಿ ಹೊಟ್ಟೆ ತುಂಬಿದವರ ಸಮಾಧಾನ ಇರುತ್ತಿತ್ತು.

ನಾನು ಅವರ ಪಕ್ಕದ ಮನೆಯವನು. ಹಾನುಬಾಳಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅವರ ವಿಷಯ ಬರೆಯುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ, ಓದಿದ ಮೇಲೆ ನೀವೇ ತೀರ್ಮಾನಿಸಿ.

ಹೋಬಳಿಗೆ ಸಂವಿಧಾನ ಜಾಗೃತಿ ಜಾಥಾ ಬಂದ ವರ್ಷ ಇದೆಲ್ಲ ಶುರುವಾಯಿತು. ಸಿಂಗರಿಸಿದ ವಾಹನ, ಡೊಳ್ಳು, ಮಕ್ಕಳ ಕೈಯಲ್ಲಿ ಬಾವುಟ. ನಾನು ಮೈಕು ಹಿಡಿದು ಪೀಠಿಕೆ ಓದಿಸಿದೆ, ಜನರೆಲ್ಲ ಬಲಗೈ ಚಾಚಿ ನನ್ನ ಹಿಂದೆ ಹೇಳಿದರು. ಜೀಪಿನಲ್ಲಿ ಊರಿಗೆ ಮರಳುವಾಗ ರವಿಚಂದ್ರ ಮಾತು ತೆಗೆದ. ಅವನು ನಮ್ಮೂರಲ್ಲಿ ಎಲ್ಲರಿಗಿಂತ ದೊಡ್ಡ ಕಾಫಿ ತೋಟದವನು. ಕೆಟ್ಟವನಲ್ಲ, ಆದರೆ ತಾನು ಅಂದದ್ದು ಆಗಲೇಬೇಕು ಎನ್ನುವ ಪೈಕಿ. ನೀರಿನ ಟ್ಯಾಂಕಿಗೂ ಜಗಳ, ಆನೆ ಕಾಯುವ ಸರದಿಗೂ ಜಗಳ, ಇಪ್ಪತ್ತಾರು ಮನೆಯ ಊರಿಗೆ ಇಷ್ಟು ರಾದ್ಧಾಂತ ಯಾಕೆ, ದೇಶಕ್ಕೆ ಇರುವ ಹಾಗೆ ನಮಗೂ ಒಂದು ಕಟ್ಟಳೆ ಬರೆದಿಟ್ಟುಕೊಳ್ಳೋಣ ಎಂದ. ಬರೆಯುವುದಕ್ಕೆ ನಂಜುಂಡಯ್ಯನವರು ಇದ್ದೇ ಇದ್ದರು.

ಅವರು ನನ್ನಿಂದ ಸಂವಿಧಾನದ ಪುಸ್ತಕ ಒಯ್ದು ಒಂದು ತಿಂಗಳು ಓದಿದರು. ಅರವತ್ತೊಂಬತ್ತರ ವಯಸ್ಸಿನಲ್ಲಿ ಪರೀಕ್ಷೆಗೆ ಕೂತವರ ಹಾಗೆ ಅಡಿಗೆರೆ ಹಾಕಿಕೊಂಡು ಓದಿದರು. ಒಂದು ಬೆಳಿಗ್ಗೆ ಬೇಲಿಯಾಚೆಯಿಂದಲೇ ಕರೆದರು.

“ಮೇಷ್ಟ್ರೇ, ಇದ್ರಲ್ಲಿ ಕೊಡೋರೂ ನಾವೇ, ತಗಳೋರೂ ನಾವೇ. ನಮಗೆ ನಾವೇ ಅರ್ಪಿಸ್ಕಂಡಿದೀವಿ ಅಂತ ಐತೆ. ಇಂಥ ಪತ್ರ ನಾನು ಒಂದೂ ಬರ್ದಿಲ್ಲ ಕಣ್ರೀ.”

ನನಗೂ ಹುಮ್ಮಸ್ಸು ಬಂತು. ಹತ್ತನೇ ಕ್ಲಾಸಿಗೆ ಹೇಳುವ ಹಾಗೆಯೇ ಹೇಳಿದೆ. ಕಾನೂನು ಮಾಡುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು, ತಪ್ಪೋ ಸರಿಯೋ ಎಂದು ತೂಗುವವರು ಮತ್ತೊಬ್ಬರು. ಮೂರೂ ಒಂದೇ ಕೈಯಲ್ಲಿ ಇರಬಾರದು ಎಂದೇ ಇಷ್ಟೆಲ್ಲ ಏರ್ಪಾಡು. ಅವರು ತಲೆದೂಗಿದರು. ಆಮೇಲೆ, ಇಪ್ಪತ್ತಾರು ಮನೆಗೆ ಮೂರು ಮೂರು ಯಾಕೆ, ಐದು ಜನರ ಒಂದು ಸಮಿತಿ ಸಾಕಲ್ಲವೇ ಎಂದು ಕೇಳಿದರು. ಸಾಕು ಎಂದೆ. ನಾನೇ ಎಂದೆ.

ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಹದಿನಾಲ್ಕು ಪುಟದ ನಿಬಂಧನೆ ಸಿದ್ಧವಾಯಿತು. ಅಕ್ಷರ ಪೋಣಿಸಿದ ಹಾಗಿತ್ತು. ಸಮಿತಿ ಮಾಡಿದ ತೀರ್ಮಾನವನ್ನು ಸಮಿತಿಯೇ ಜಾರಿ ಮಾಡುವುದು; ವ್ಯಾಜ್ಯ ಬಂದರೆ ಸಮಿತಿಯೇ ವಿಚಾರಿಸುವುದು; ಮೀರಿದವರ ಮನೆಗೆ ಮುಯ್ಯಾಳು ಬಂದ್, ಊರಿನ ಜೀಪೂ ಬಂದ್; ಅಂಥವರ ಜೊತೆ ಸೇರಿದವರಿಗೂ ಅದೇ ಶಿಕ್ಷೆ. ಕೊನೆಗೆ ಅವರ ಕೈ ತಾನಾಗಿ ಆ ಸಾಲನ್ನೂ ಬರೆದಿತ್ತು, ಯಾರೂ ತಂಟೆ ತಕರಾರು ಮಾಡತಕ್ಕದ್ದಲ್ಲ. ಯುಗಾದಿಯ ದಿನ ಇಪ್ಪತ್ತಾರು ಮನೆಯವರೂ ರುಜು ಹಾಕಿದೆವು. ನನ್ನದು ಒಂಬತ್ತನೆಯದು.

ಮುಯ್ಯಾಳು ಎಂದರೆ ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯವರು ನಿಮ್ಮ ಗದ್ದೆಗೆ. ಕೂಲಿ ಇಲ್ಲ, ಆಳಿಗೆ ಆಳು. ನಾಟಿಯ ಹದಿನೈದು ದಿನ ಊರು ನಡೆಯುವುದೇ ಇದರ ಮೇಲೆ. ದುಡ್ಡು ಕೊಡುತ್ತೇನೆಂದರೂ ಆ ಹೊತ್ತಿನಲ್ಲಿ ಆಳು ಸಿಗುವುದಿಲ್ಲ, ಇದ್ದಬದ್ದವರೆಲ್ಲ ಎಸ್ಟೇಟಿಗೆ ಹೋಗಿರುತ್ತಾರೆ. ಆದ್ದರಿಂದ ಮುಯ್ಯಾಳು ನಿಲ್ಲಿಸುವುದೆಂದರೆ ಆ ಮನೆಯ ಅನ್ನ ನಿಲ್ಲಿಸಿದ ಹಾಗೆ. ರುಜು ಹಾಕುವಾಗ ಇದು ಎಲ್ಲರಿಗೂ ಗೊತ್ತಿತ್ತು. ಆ ಅನ್ನ ಬೇರೆಯವರದು ಎಂದುಕೊಂಡೇ ಪ್ರತಿಯೊಬ್ಬರೂ ರುಜು ಹಾಕಿದ್ದೆವು.

ಮೊದಲ ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಟ್ಯಾಂಕು ತೊಳೆದೆವು, ರಸ್ತೆಯ ಗುಂಡಿ ಮುಚ್ಚಿದೆವು. ಎರಡನೆಯ ವರ್ಷದ ಬೇಸಿಗೆಯಲ್ಲಿ ಹಲಸಿನ ವಾಸನೆ ಹಿಡಿದು ಬಂದ ಆನೆ ಒಂದು ಮನೆಯ ಗೋಡೆ ಕೆಡವಿತು. ಹಣ್ಣಾಗುವ ಮೊದಲೇ ಹಲಸಿನಕಾಯಿ ಇಳಿಸಿಬಿಡುವುದು ನಮ್ಮ ಕಡೆ ರೂಢಿ. ಆ ವರ್ಷ ಕೆಲವರು ಸೋಮಾರಿತನ ಮಾಡಿದ್ದರು. ಸಮಿತಿ ಸೇರಿ, ಮನೆ ಗದ್ದೆಗಳ ಹತ್ತಿರವಿರುವ ಹಲಸಿನ ಮರಗಳನ್ನೇ ಕಡಿಯಬೇಕೆಂದು ತೀರ್ಮಾನಿಸಿತು. ಕೆಳಗೆ ಇನ್ನೊಂದು ಸಾಲು ಸೇರಿತು, ಮೆಣಸಿನ ಬಳ್ಳಿ ಹಬ್ಬಿಸಿದ ತೋಟದ ಮರಗಳಿಗೆ ಇದು ಅನ್ವಯಿಸುವುದಿಲ್ಲ ಎಂದು. ಸಮಿತಿಯ ಐವರಲ್ಲಿ ನಾಲ್ವರು, ರವಿಚಂದ್ರನೂ ಸೇರಿ, ತೋಟದವರು. ಮರ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೋ ಬೇಡವೋ ಎಂದು ಕೂಡ ಯಾರೂ ಕೇಳಲಿಲ್ಲ.

ಮಾದೇವಮ್ಮನ ಹಿತ್ತಲಿನಲ್ಲಿ ಒಂದು ಹಲಸಿನ ಮರ ಇತ್ತು. ಗಂಡ ತೀರಿಕೊಂಡು ಹತ್ತು ವರ್ಷ, ಮಗಳನ್ನು ಮಗ್ಗೆ ಊರಿಗೆ ಕೊಟ್ಟಿದೆ. ಆಕೆಗೆ ಇರುವುದು ಒಂದೂವರೆ ಎಕರೆ ಗದ್ದೆ ಮತ್ತು ಆ ಮರ. ಕಾಯಿ ಬಲಿಯುತ್ತಿದ್ದಂತೆಯೇ ದೋಟಿ ಹಿಡಿದು ಒಂದೂ ಬಿಡದೆ ಇಳಿಸಿ, ಹಪ್ಪಳ ಮಾಡಿ ಸಕಲೇಶಪುರದ ಅಂಗಡಿಗೆ ಕೊಡುತ್ತಿದ್ದಳು. ಆಕೆಯ ಮರಕ್ಕೆ ಆನೆ ಒಂದು ದಿನವೂ ಬಂದದ್ದಿಲ್ಲ. ಊರ ಸಭೆಯಲ್ಲಿ ಎದ್ದು ನಿಂತು ಕೇಳಿದಳು.

“ಕಡಿಯೋದಾದ್ರೆ ತ್ವಾಟದ ಮರಾನೂ ಕಡೀರಿ. ಆನೆ ಮೂಗಿಗೆ ನನ್ ಹಣ್ಣು ಬ್ಯಾರೆ, ನಿಮ್ ಹಣ್ಣು ಬ್ಯಾರೆ ಆಯ್ತದಾ?”

ಒಂದಿಬ್ಬರು ನಕ್ಕರು. ಮೆಣಸು ಬದುಕಿನ ಪ್ರಶ್ನೆ ಎಂದು ರವಿಚಂದ್ರ ಹೇಳಿದ. ಹಪ್ಪಳವೂ ಅದೇ ಎಂದು ಆಕೆ ಹೇಳಿದಳು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಹದಿನಾಲ್ಕನೇ ವಿಧಿಯನ್ನು ನಾನು ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆಯುವವನು. ಅವತ್ತು ಗೋಡೆಗೆ ಒರಗಿ ಕೂತು ಉಗುರು ನೋಡಿಕೊಳ್ಳುತ್ತಿದ್ದೆ. ಆಕೆ ಮರ ಕಡಿಸಲಿಲ್ಲ. ಜುಲೈ ತಿಂಗಳಲ್ಲಿ ಆಕೆಯ ಮನೆಗೆ ಮುಯ್ಯಾಳು ನಿಂತಿತು.

ನೀರು ನಿಂತ ಗದ್ದೆ ತಯಾರಿತ್ತು. ಸಸಿಮಡಿಯಲ್ಲಿ ಸಸಿಗೆ ಮೂವತ್ತು ದಿನ ತುಂಬಿತ್ತು. ಇನ್ನೊಂದು ವಾರ ದಾಟಿದರೆ ಸಸಿ ಬಲಿತುಹೋಗಿ, ನೆಟ್ಟರೂ ಸರಿಯಾಗಿ ತೆಂಡೆ ಒಡೆದು ಪೈರು ತುಂಬಿಕೊಳ್ಳುವುದಿಲ್ಲ. ಆಗ ಮಾದೇವಮ್ಮ ನಂಜುಂಡಯ್ಯನವರ ಮನೆಗೆ ಬಂದಳು. ನಾನು ಅಲ್ಲೇ ಜಗಲಿಯ ಮೇಲೆ ಪೇಪರ್ ಓದುತ್ತಿದ್ದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

“ನಂಜುಂಡಣ್ಣ, ಬರ್ದೋರು ನೀವು. ಅನ್ಯಾಯ ಆದ್ರೆ ನನ್ನಂಥೋಳು ಎಲ್ಲಿಗ್ ಹೋಗಿ ಹೇಳ್ಕಬೇಕು ಅಂತ ಬರ್ದಿರ್ತೀರಲ್ಲ, ಆ ಪುಟ ತೋರ್ಸಿ.”

ಅವರು ತಮ್ಮ ಬಳಿಯಿದ್ದ ಪ್ರತಿ ತಂದು ಹದಿನಾಲ್ಕು ಪುಟ ತಿರುವಿದರು. ಇನ್ನೊಮ್ಮೆ ತಿರುವಿದರು. ಅಂಥ ಪುಟ ಇರಲಿಲ್ಲ. ತೀರ್ಮಾನ ಮಾಡಿದ್ದು ಸಮಿತಿ, ಜಾರಿ ಮಾಡಿದ್ದು ಸಮಿತಿ, ದೂರು ಕೇಳಬೇಕಾದದ್ದೂ ಸಮಿತಿ. ಸಕಲೇಶಪುರಕ್ಕೆ ಬಾ, ತಹಸೀಲ್ದಾರರಿಗೆ ಅರ್ಜಿ ಬರೆದುಕೊಡುತ್ತೇನೆ, ಬೇಕಾದರೆ ಕೋರ್ಟಿಗೂ ಹೋಗಬಹುದು, ದೇಶದ ಸಂವಿಧಾನದಲ್ಲಿ ಅದಕ್ಕೆ ದಾರಿ ಇದೆ ಎಂದರು. ಅಷ್ಟು ದಿನ ಸಸಿ ಕಾಯುತ್ತದೆಯೇ ಎಂದು ಆಕೆ ಕೇಳಿದಳು. ಗೆದ್ದು ಬಂದರೂ ಬಾಳಬೇಕಾದ್ದು ಇದೇ ಊರಲ್ಲಿ ಎಂದು ಹೇಳಿ ಹೊರಟುಹೋದಳು.

ಅವರು ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅವರು ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ.

“ಆ ದೊಡ್ಡ ಪುಸ್ತಕದಲ್ಲಿ ಸರ್ಕಾರಕ್ಕೂ ಚಕ್ಕುಬಂದಿ ಹಾಕವ್ರೆ ಮೇಷ್ಟ್ರೇ. ಇಲ್ಲಿಂದಾಚೆ ಕಾಲಿಡಂಗಿಲ್ಲ, ಇದು ಒಬ್ಬೊಬ್ಬನ ಸ್ವಂತದ್ದು ಅಂತ. ಮೂಲಭೂತ ಹಕ್ಕು ಅಂದ್ರೆ ಅದೇ ಅಲ್ವಾ? ಒಂದು ಗುಂಟೆ ಜಾಗಕ್ಕೆ ನಾಕು ದಿಕ್ಕಿನ ಗಡಿ ಬರ್ದೋನು ನಾನು. ಸಮಿತಿಗೆ ಒಂದು ದಿಕ್ಕಿಗೂ ಬರೀಲಿಲ್ಲ. ಏನ್ ಮಾಡ್ಬುಟ್ಟೆ ನೋಡಿ.”

ಹಕ್ಕು ಕಿತ್ತುಕೊಂಡರೆ ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದೆನ್ನುವ ಮೂವತ್ತೆರಡನೇ ವಿಧಿಗೂ ಅವರು ಅಡಿಗೆರೆ ಹಾಕಿದ್ದರು. ಓದಿ ಮೆಚ್ಚಿದ್ದರು, ಅಷ್ಟೆ. ನಮ್ಮಂಥ ಸಣ್ಣ ಊರಿಗೆ ಅದೆಲ್ಲ ಯಾಕೆ ಎಂದುಕೊಂಡಿರಬೇಕು. ಹಾಗೆ ಅಂದುಕೊಳ್ಳಲು ಧೈರ್ಯ ಕೊಟ್ಟವನು ನಾನು. ಇದನ್ನು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಮರುದಿನ ಅವರು ಸಮಿತಿಯ ಮುಂದೆ ಹೋದರು. ಮೇಲ್ಮನವಿಗೆ ಒಂದು ಪುಟ ಸೇರಿಸೋಣ, ನನ್ನ ಕಡೆಯಿಂದ ತಪ್ಪಾಗಿದೆ ಎಂದು ಕೈಮುಗಿದರು. ರವಿಚಂದ್ರ ಏರುದನಿ ಮಾಡಲಿಲ್ಲ. ಪುಸ್ತಕದ ಕೊನೆಯ ಪುಟ ತೆಗೆದು ಅವರ ಕಡೆಗೇ ತಿರುಗಿಸಿದ.

“ಮಾವ, ಈ ಸಾಲು ನಿಮ್ದೇ. ಯಾರೂ ತಕರಾರು ಮಾಡಂಗಿಲ್ಲ ಅಂತ ನೀವೇ ಬರ್ದು, ನೀವೇ ತಕರಾರು ತೆಗೆದ್ರೆ ಹೆಂಗೆ?”

ಅವತ್ತು ಮಧ್ಯಾಹ್ನ ನಂಜುಂಡಯ್ಯನವರು ಪಂಚೆ ಎತ್ತಿ ಕಟ್ಟಿ ಮಾದೇವಮ್ಮನ ಗದ್ದೆಗೆ ಇಳಿದರು. ಜೀವಮಾನದಲ್ಲಿ ಪೆನ್ನು ಬಿಟ್ಟು ಬೇರೇನೂ ಹಿಡಿದವರಲ್ಲ. ಎಪ್ಪತ್ತರ ಮಂಡಿ, ಮೇಲೆ ಬಿಡದ ಮಳೆ. ಆಕೆ ಬೇಡವೆಂದಳು. ಅವರ ಹೆಂಡತಿ ವಿಶಾಲಮ್ಮ ದಡದ ಮೇಲೆ ಕೊಡೆ ಹಿಡಿದು ನಿಂತು ಬೈದರು, ಆಮೇಲೆ ಕೊಡೆ ಮಡಚಿಟ್ಟು ತಾವೂ ಇಳಿದರು. ಎರಡು ದಿನಕ್ಕೆ ಮೂವರೂ ಸೇರಿ ನೆಟ್ಟದ್ದು ನಾಲ್ಕು ಗದ್ದೆಯಲ್ಲಿ ಒಂದರ ಅರ್ಧ. ಸಾಲು ಅಡ್ಡಾದಿಡ್ಡಿ. ಬೆಳಿಗ್ಗೆ ಜೀಪು ಹತ್ತಲು ಹೋಗುವ ದಾರಿ ಆ ಗದ್ದೆಯ ಪಕ್ಕದಲ್ಲೇ. ನಾನು ಕೊಡೆಯನ್ನು ಆ ಕಡೆಗೆ ವಾಲಿಸಿಕೊಂಡು ನಡೆದೆ. ಹಿಂದಿನ ವರ್ಷ ಮಾದೇವಮ್ಮ ನಮ್ಮ ಗದ್ದೆಯಲ್ಲಿ ಎರಡು ದಿನ ನೆಟ್ಟಿದ್ದಳು. ಆ ಎರಡು ಆಳು ನಮ್ಮ ಮೇಲೆ ಹಾಗೇ ಇತ್ತು.

ಮೂರನೆಯ ದಿನದಿಂದ ನಂಜುಂಡಯ್ಯನವರಿಗೂ ನಿಬಂಧನೆ ಜಾರಿಯಾಯಿತು. ಊರಿನವರನ್ನು ಹಾನುಬಾಳಿಗೆ ಬಿಡುವ ಬೆಳಗಿನ ಜೀಪು ಅವರ ಮುಂದೆ ನಿಲ್ಲಲಿಲ್ಲ. ಜೀಪು ಓಡಿಸುವ ಪ್ರವೀಣ್ ಒಳ್ಳೆಯ ಹುಡುಗ. ಅವರ ಮುಖ ನೋಡಲಾಗದೆ ಕನ್ನಡಿ ಸರಿಪಡಿಸುವವನ ಹಾಗೆ ಮಾಡಿ ದಾಟಿಸಿಕೊಂಡು ಹೋದ. ಒಳಗೆ ನಾನು ಕೂತಿದ್ದೆ. ಅವರು ಊದಿದ ಮಂಡಿ ಎಳೆಯುತ್ತಾ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪತ್ರದ ಚೀಲವನ್ನು ಎದೆಗೆ ಅವಚಿಕೊಂಡು, ಸಕಲೇಶಪುರದ ಬಸ್ಸು ಹಿಡಿಯಲು ಹಾನುಬಾಳಿನವರೆಗೆ ನಾಲ್ಕು ಕಿಲೋಮೀಟರ್ ನಡೆದರು. ನಾಲ್ಕು ದಿನ ಹೀಗೇ ನಡೆದರು. ನಾಲ್ಕನೆಯ ದಿನ ದಾರಿಯ ಮೋರಿಯ ಮೇಲೆ ಕೂತುಬಿಟ್ಟಿದ್ದರಂತೆ, ಎದ್ದೇಳಲಾಗದೆ. ಹುಲ್ಲಿಗೆ ಹೋಗಿದ್ದ ಮಾದೇವಮ್ಮ ಕೈಹಿಡಿದು ಎಬ್ಬಿಸಿದಳಂತೆ.

ಮಾರನೆಯ ಬೆಳಿಗ್ಗೆ ಊರಿನಲ್ಲಿ ಗರಗಸದ ಸದ್ದು ಕೇಳಿತು. ಆಕೆಯೇ ಹಾನುಬಾಳಿನಿಂದ ಆಳು ಕರೆಸಿದ್ದಳು. ನಂಜುಂಡಯ್ಯನವರು ಕುಂಟುತ್ತಾ ಓಡಿಬಂದಾಗ ಮರ ಉರುಳಿಯಾಗಿತ್ತು. ಹಾಲು ಸೋರುತ್ತಿದ್ದ ಬುಡದ ಮೇಲೆ ಆಕೆ ಮಣ್ಣು ಸುರಿಯುತ್ತಿದ್ದಳು.

“ಯಾಕವ್ವಾ, ನಾನು ಇದ್ನಲ್ಲ” ಎಂದರು.

“ಅದಕ್ಕೇ ಕಣಣ್ಣ” ಎಂದಳು. “ನನ್ನೊಬ್ಬಳ ಮ್ಯಾಲೆ ಇದ್ದಿದ್ರೆ ತಡ್ಕತಿದ್ದೆ.”

ಸಂಜೆಯ ಹೊತ್ತಿಗೆ ಸಮಿತಿ ಎರಡೂ ಮನೆಯ ಮೇಲಿದ್ದ ಕಟ್ಟು ತೆಗೆಯಿತು. ಮರುದಿನ ಭಾನುವಾರ. ಆಕೆಯ ಗದ್ದೆಗೆ ಇಪ್ಪತ್ತೆರಡು ಆಳು ಇಳಿದೆವು. ಹೌದು, ನಾನೂ ನನ್ನ ಹೆಂಡತಿಯೂ ಹೋಗಿದ್ದೆವು, ನಮ್ಮ ಎರಡು ಆಳು ತೀರಿತು. ರವಿಚಂದ್ರ ತನ್ನ ಮನೆಯಿಂದ ಎಲ್ಲರಿಗೂ ತಿಂಡಿ ಕಳಿಸಿದ. ಬಲಿತ ಸಸಿಯ ತುದಿ ಕೊಯ್ದು ನೆಟ್ಟೆವು. ಆಕೆ ಎಲ್ಲರಿಗೂ ತಾನೇ ಕಾಫಿ ಬಗ್ಗಿಸಿ ಕೊಟ್ಟಳು. ನನಗೆ ಕೊಡುವಾಗ, ಮೇಷ್ಟ್ರೇ ಸಕ್ಕರೆ ಸಾಕಾ ಎಂದು ಕೇಳಿದಳು. ಸಾಕು ಎಂದೆ.

ನಂಜುಂಡಯ್ಯನವರು ಅವತ್ತು ಗದ್ದೆಗೆ ಬರಲಿಲ್ಲ. ಆಮೇಲೆ ಅವರು ಸಕಲೇಶಪುರಕ್ಕೆ ಹೋಗುವುದನ್ನೂ ನಿಲ್ಲಿಸಿದರು. ಮಂಡಿ ನೋವು ಎನ್ನುತ್ತಾರೆ. ನನ್ನ ಪುಸ್ತಕವನ್ನು ಬೇಲಿಯ ಮೇಲಿಂದ ವಾಪಸ್ ಕೊಟ್ಟರು. ಅದರಲ್ಲಿ ಅವರು ಹಾಕಿದ ಅಡಿಗೆರೆಗಳು ಹಾಗೇ ಇವೆ, ಮೂವತ್ತೆರಡನೇ ವಿಧಿಗೆ ಎರಡೆರಡು. ದಿನಾ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳ ಮುಂದೆ ನಿಂತು ನಾನು ಪೀಠಿಕೆ ಓದಿಸುತ್ತೇನೆ.

ಈ ಯುಗಾದಿಗೆ ಊರಿನ ಪುಸ್ತಕವನ್ನು ಹೊಸದಾಗಿ ಓದಿ ಮತ್ತೆ ರುಜು ಹಾಕಿಸಿಕೊಳ್ಳಬೇಕೆಂದು ಸಮಿತಿ ಹೇಳಿತು. ಓದುವ ಕೆಲಸ ನನಗೇ ಬಂತು. ಹದಿನಾಲ್ಕು ಪುಟ ಓದಿ ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿ ನೋಡಿದೆ. ನಂಜುಂಡಯ್ಯನವರು ಬಾಗಿಲ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಆ ಸಾಲನ್ನೂ ಓದಿದೆ. ಯಾರೂ ತಕರಾರು ಮಾಡಲಿಲ್ಲ.